ಹಾಯಿದೋಣಿಯ ಸಹವಾಸ

ಇಂಗ್ಲೆಂಡಿನ ಪೂರ್ವ ಅಂಚಿನಲ್ಲಿರುವ ನಾರ್ಫೋಕ್ ಸೀಮೆಯಲ್ಲಿ ಬೇಸಗೆಯ ಹೊತ್ತು ತಿರುಗಾಡುತ್ತಿದ್ದರೆ, ದೂರದ ಹುಲ್ಲುಗಾವಲಿನ ನಡುವೆ ಬಿಳಿಯ ಹಾಯಿಯೊಂದು ನಿಧಾನವಾಗಿ ಸಾಗುವುದು ಕಾಣುತ್ತದೆ. ನೀರು ಕಾಣುವುದಿಲ್ಲ, ದೋಣಿಯೂ ಕಾಣುವುದಿಲ್ಲ. ದನಗಳು ಮೇಯುತ್ತಿರುತ್ತವೆ, ಅವುಗಳ ಬೆನ್ನಿನಾಚೆ ಹಾಯಿ ಮಾತ್ರ ಚಲಿಸುತ್ತಿರುತ್ತದೆ. ನೆಲ ಅಷ್ಟು ಸಪಾಟು, ನದಿ ಅಷ್ಟು ಕಿರಿದು, ದಂಡೆಯ ಜೊಂಡು ಅಷ್ಟು ಎತ್ತರ. ಹೊನ್ನಾವರದ ಕಡೆ ಶರಾವತಿಯ ದಂಡೆಯಲ್ಲಿ ಬೆಳೆದ ನನಗೆ ನದಿ ಎಂದರೆ ಘಟ್ಟ, ಮಳೆ, ಕೆಂಪು ನೀರಿನ ಅಬ್ಬರ, ಕೊನೆಗೆ ಅಳಿವೆಯ ವಿಸ್ತಾರ. ಇಲ್ಲಿಯ ನದಿಗೆ ಅಬ್ಬರವೇ ಗೊತ್ತಿಲ್ಲ. ಭರತ ಬಂದಾಗ ಒಂದಿಷ್ಟು ಹಿಂದೆ ಸರಿಯುತ್ತದೆ, ಇಳಿತ ಬಂದಾಗ ಒಂದಿಷ್ಟು ಮುಂದೆ ಹೋಗುತ್ತದೆ. ಇಂಥ ನದಿಯ ಮೇಲೆ ಹಳೆಯ ಮರದ ಹಾಯಿದೋಣಿಯಲ್ಲಿ ಕೂತು ಹೋಗುವುದಕ್ಕಿಂತ ಹೆಚ್ಚಿನ ಸುಖವನ್ನು ನಾನು ಈ ದೇಶದಲ್ಲಿ ಕಂಡಿಲ್ಲ.

ಈ ಪ್ರದೇಶಕ್ಕೆ ಬ್ರಾಡ್ಸ್ ಎಂದು ಹೆಸರು. ಬ್ಯೂರ್, ಆಂಟ್, ಥರ್ನ್, ಯೇರ್, ವೇವನಿ ಎಂಬ ನದಿಗಳು, ಅವುಗಳ ಮಗ್ಗುಲಲ್ಲಿ ಅಲ್ಲಲ್ಲಿ ತೆರೆದುಕೊಂಡ ಹತ್ತಾರು ಕೆರೆಗಳು. ದೋಣಿ ಹೋಗಬಲ್ಲ ನೀರಿನ ಹಾದಿ ಒಟ್ಟು ಸುಮಾರು 200 ಕಿಲೋಮೀಟರ್. ಈ ಕೆರೆಗಳು ತಾವಾಗಿಯೇ ಆದವು ಎಂದು ಜನ ಬಹಳ ಕಾಲ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯವಿಜ್ಞಾನಿ ಕೆರೆಗಳ ತಳಕ್ಕೆ ಕೊಳವೆ ಇಳಿಸಿ ಮಣ್ಣು ತೆಗೆದು ನೋಡಿದರು. ಕೆರೆಗಳ ಪಕ್ಕ ಇಳಿಜಾರಾಗಿರಲಿಲ್ಲ, ಗುದ್ದಲಿಯಿಂದ ಕಡಿದ ಹಾಗೆ ನೆಟ್ಟಗಿತ್ತು. ಮಧ್ಯಯುಗದ ಹಳ್ಳಿಗರು ಉರುವಲಿಗಾಗಿ ಪೀಟ್ ಎಂಬ ಕಪ್ಪು ಜವುಗುಮಣ್ಣನ್ನು ತಲೆಮಾರುಗಟ್ಟಲೆ ಅಗೆದಿದ್ದರು. ಆಮೇಲೆ ನೀರಿನ ಮಟ್ಟ ಏರಿ ಆ ಹೊಂಡಗಳೆಲ್ಲ ತುಂಬಿಕೊಂಡವು. ಇಂದು ಬಾತುಕೋಳಿ ಈಜುವ ಕೆರೆ ಒಂದು ಕಾಲದಲ್ಲಿ ಜನ ಬೆವರು ಸುರಿಸಿದ ಗಣಿ. ಇದನ್ನು ತಿಳಿದ ಮೇಲೆ ನನಗೆ ಆ ನೀರಿನ ಮೇಲಿನ ಗೌರವ ಇನ್ನೂ ಹೆಚ್ಚಿತು. ಈ ಸೀಮೆಯಲ್ಲಿ ಮನುಷ್ಯರ ಕೈ ತಾಗದ ಜಾಗ ಬಹಳ ಕಡಿಮೆ. ಆ ಕೈ ಹಿಂದೆಗೆದಾಗ ಏನಾಗುತ್ತದೆ ಎಂಬುದನ್ನು ದೋಣಿಯ ಸಹವಾಸ ನನಗೆ ಕಲಿಸಿತು.

ನಮ್ಮ ದೋಣಿ ಎರಡನೆಯ ಮಹಾಯುದ್ಧಕ್ಕೂ ಮುಂಚಿನದು. ಓಕ್ ಮರದ ಪಕ್ಕೆಲುಬು, ಮಹಾಗನಿಯ ಹಲಗೆ, ತಾಮ್ರದ ಮೊಳೆ. ಇಬ್ಬರು ಮಲಗುವಷ್ಟು ಪುಟ್ಟ ಕೋಣೆ. ಎಂಜಿನ್ ಅದಕ್ಕೆ ಎಂದೂ ಇರಲಿಲ್ಲ. ಹೊಲವೊಂದರ ಕೊಟ್ಟಿಗೆಯ ಹಿಂದೆ, ಹರಿದ ತಾಡಪಾಲಿನ ಕೆಳಗೆ, ತುರಚೆ ಗಿಡಗಳ ನಡುವೆ ಬಿದ್ದಿತ್ತು. ನಾನೂ ನನ್ನ ಗೆಳೆಯರಿಬ್ಬರೂ ಸೇರಿ ಅದನ್ನು ಕೊಂಡೆವು. ನದಿಯ ಪಕ್ಕದ ಸಣ್ಣ ದೋಣಿಕಾರ್ಖಾನೆಯೊಂದರಲ್ಲಿ ಜಾಗ ಸಿಕ್ಕಿತು. ಅಲ್ಲಿಯ ಹಿರಿಯ ಬಡಗಿಯೊಬ್ಬರು ನಮಗೆ ಗುರುವಾದರು. ಅವರು ಮೊದಲು ಮಾಡಿದ ಕೆಲಸ, ಚೂಪಾದ ಆರೆ ಹಿಡಿದು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಲಗೆಹಲಗೆಗೂ ಮೆಲ್ಲಗೆ ಚುಚ್ಚಿ ನೋಡಿದ್ದು. ಗಟ್ಟಿಮರದಲ್ಲಿ ಆರೆ ನಿಂತಿತು. ಸತ್ತಮರದಲ್ಲಿ ಸಲೀಸಾಗಿ ಒಳಗಿಳಿಯಿತು.

ವಿಚಿತ್ರವೆಂದರೆ ನೀರಿನ ಕೆಳಗೆ ಇರುವ ಹಲಗೆಗಳೇ ಹೆಚ್ಚು ಗಟ್ಟಿಯಾಗಿದ್ದವು. ಲಡ್ಡಾದದ್ದು ಮೇಲ್ಭಾಗ, ಅದರಲ್ಲೂ ಮೇಲಿನ ಅಟ್ಟ ಮತ್ತು ಪಕ್ಕದ ಹಲಗೆ ಕೂಡುವ ಜಾಗ. ಮರ ಕೊಳೆಯುವುದು ಬೂಷ್ಟಿನಿಂದ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಸದಾ ನೀರು ಕುಡಿದು ನಿಂತ ಮರದೊಳಗೆ ಅದಕ್ಕೆ ಉಸಿರಾಡಲು ಗಾಳಿ ಸಿಗದು. ಒಣಗಿದ ಮರದಲ್ಲಿ ಅದಕ್ಕೆ ಕುಡಿಯಲು ನೀರು ಸಿಗದು. ನೆನೆದು ಅರೆ ಒಣಗಿ ಮತ್ತೆ ನೆನೆಯುವ ಸಂದಿಯಲ್ಲಿ ಅದು ಹಾಯಾಗಿ ಬೆಳೆಯುತ್ತದೆ. ಸಂದಿಯಲ್ಲಿ ನಿಂತ ಮಳೆನೀರನ್ನು ಒರೆಸುವವರು, ಕಿಟಕಿ ತೆರೆದು ಗಾಳಿಯಾಡಿಸುವವರು ಇಲ್ಲದೆ ಹೋದದ್ದೇ ಈ ದೋಣಿಯ ಕಾಯಿಲೆ. ಹೊಳೆಯ ನೀರು ಅದನ್ನು ಕಾಪಾಡಿತ್ತು, ಆಕಾಶದ ನೀರು ಕೆಡಿಸಿತ್ತು.

ಮರದ ಕೆಲಸದಲ್ಲಿ ಪಕ್ಕೆಲುಬು ಬಾಗಿಸುವ ದಿನ ಹಬ್ಬ. ಹೊಸ ಓಕ್ ಪಟ್ಟಿಗಳನ್ನು ಉದ್ದನೆಯ ಮರದ ಪೆಟ್ಟಿಗೆಯಲ್ಲಿಟ್ಟು, ಕುದಿನೀರಿನ ಹಬೆಯನ್ನು ಒಳಕ್ಕೆ ಬಿಡಬೇಕು. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಎಂಬುದು ಬಡಗಿಗಳ ಲೆಕ್ಕ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದ ಲಿಗ್ನಿನ್ ಶಾಖಕ್ಕೆ ಮೆತ್ತಗಾಗುತ್ತದೆ. ಪೆಟ್ಟಿಗೆಯಿಂದ ಹೊರಬಂದ ಪಟ್ಟಿಯನ್ನು ದಪ್ಪ ಕೈಗವಸು ತೊಟ್ಟು ಹಿಡಿದು, ದೋಣಿಯೊಳಗೆ ಓಡಿ, ಕಾಲಲ್ಲಿ ಒತ್ತಿ, ಒಡಲಿನ ತಿರುವಿಗೆ ಕೂರಿಸಬೇಕು. ಆರುವುದಕ್ಕೆ ಹೆಚ್ಚು ಹೊತ್ತು ಬೇಡ. ಆರಿದ ಮೇಲೆ ಓಕ್ ತನ್ನ ಹೊಸ ಆಕಾರವನ್ನೇ ಹುಟ್ಟಿದಾಗಿನ ಆಕಾರ ಎಂಬಂತೆ ಹಿಡಿದುಕೊಳ್ಳುತ್ತದೆ. ಆ ಕ್ಷಣಗಳಲ್ಲಿ ಯಾರೂ ಮಾತಾಡುವುದಿಲ್ಲ. ಯಾರ ಕೈ ಎಲ್ಲಿರಬೇಕೆಂದು ಎಲ್ಲರಿಗೂ ಗೊತ್ತಿರುತ್ತದೆ.

ಮೊಳೆ ಹೊಡೆಯುವುದಕ್ಕೆ ಇಬ್ಬರು ಬೇಕು. ಹೊರಗಿನಿಂದ ಹಲಗೆಯನ್ನೂ ಪಕ್ಕೆಲುಬನ್ನೂ ದಾಟಿ ಬಂದ ತಾಮ್ರದ ಮೊಳೆಗೆ ಒಳಗೊಬ್ಬರು ಪುಟ್ಟ ತಾಮ್ರದ ಬಿಲ್ಲೆ ತೊಡಿಸುತ್ತಾರೆ, ತುದಿ ಕತ್ತರಿಸುತ್ತಾರೆ, ಸಣ್ಣ ಸುತ್ತಿಗೆಯಿಂದ ತಟ್ಟಿ ತಟ್ಟಿ ತುದಿಯನ್ನು ಬಿಲ್ಲೆಯ ಮೇಲೆ ಅರಳಿಸುತ್ತಾರೆ. ಹೊರಗೊಬ್ಬರು ಭಾರವಾದ ಕಬ್ಬಿಣದ ಗಟ್ಟಿಯನ್ನು ಮೊಳೆಯ ತಲೆಗೆ ಒತ್ತಿ ಹಿಡಿದಿರಬೇಕು. ಇಬ್ಬರ ನಡುವೆ ಮರದ ಗೋಡೆ. ಮುಖ ಕಾಣುವುದಿಲ್ಲ. ಸದ್ದಿನಲ್ಲೇ ಎಲ್ಲ ತಿಳಿಯಬೇಕು. ಗಟ್ಟಿ ಸರಿಯಾಗಿ ಕೂತಿದ್ದರೆ ಏಟು ಗಡುಸಾಗಿ ಕೇಳುತ್ತದೆ, ಜಾರಿದ್ದರೆ ಟೊಳ್ಳಾಗಿ ಕೇಳುತ್ತದೆ. ಸಂಜೆಗಳೆಲ್ಲ ಹೀಗೆ ಕಳೆದ ಮೇಲೆ ಗೆಳೆತನವೂ ಬೇರೆ ಬಗೆಯದಾಗುತ್ತದೆ.

ಹಲಗೆಗಳ ಸಂದಿಗೆ ಹತ್ತಿಯ ಎಳೆ ತುಂಬುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಚಪ್ಪಟೆ ಉಳಿಯಿಟ್ಟು ಮರದ ಕೊಡತಿಯಿಂದ ಬಡಿಯುತ್ತ ಎಳೆಯನ್ನು ಒಳಗೆ ಕೂರಿಸಿ, ಮೇಲೆ ಪುಟ್ಟಿ ಮೆತ್ತಬೇಕು. ಕಡಿಮೆ ತುಂಬಿದರೆ ಸೋರುತ್ತದೆ. ಹೆಚ್ಚು ತುಂಬಿದರೆ ಅಪಾಯ ಇನ್ನೂ ದೊಡ್ಡದು: ನೀರಿಗಿಳಿದ ಹಲಗೆ ಹಿಗ್ಗಿದಾಗ ಜಾಗವಿಲ್ಲದೆ ಪಕ್ಕೆಲುಬನ್ನೇ ಮುರಿಯಬಹುದು. ಎಷ್ಟು ತುಂಬಬೇಕೆನ್ನುವುದಕ್ಕೆ ಅಳತೆಪಟ್ಟಿ ಇಲ್ಲ. ಅದು ಕೊಡತಿ ಹಿಡಿದ ಕೈಗೆ ಗೊತ್ತಿರುವ ವಿದ್ಯೆ, ಕೈಯಿಂದ ಕೈಗೇ ದಾಟುವ ವಿದ್ಯೆ. ನಮ್ಮ ಹಿರಿಯ ಬಡಗಿ ಇದನ್ನು ಬಾಯಿಂದ ವಿವರಿಸಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಬಡಿಸಿದರು.

ದೋಣಿಯ ಮಾತು ಬಂದಾಗ ಮರದ ಮಾತು ಬಿಡಲಾಗದು. ಇಂಗ್ಲೆಂಡಿನ ಈಶಾನ್ಯ ತೀರದ ಹಾರ್ಟ್ಲ್‌ಪೂಲಿನಲ್ಲಿ ‘ಟ್ರಿಂಕೋಮಲಿ’ ಎಂಬ ಹಳೆಯ ಹಾಯಿ ಯುದ್ಧನೌಕೆ ಇದೆ. 1817ರಲ್ಲಿ ಮುಂಬಯಿಯ ವಾಡಿಯಾ ಕುಟುಂಬದ ಪಾರಸಿ ಕುಶಲಕರ್ಮಿಗಳು ಕಟ್ಟಿದ್ದು. ನೆಪೋಲಿಯನ್ನನ ಕಾಲದ ಯುದ್ಧಗಳಿಂದ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಹಾಗಾಗಿ ಮಲಬಾರಿನ ಸಾಗುವಾನಿಯಲ್ಲಿ ಕಟ್ಟಿಸಿದರು. ಸಾಗುವಾನಿಯ ಎಣ್ಣೆಯಂಶ ಹುಳುವನ್ನೂ ಬೂಷ್ಟನ್ನೂ ಹತ್ತಿರ ಬಿಡದು. ಆ ನೌಕೆ ಇನ್ನೂ ನೀರಿನ ಮೇಲೆ ತೇಲುತ್ತಿದೆ. ಅದರ ಹಲಗೆಯ ಮೇಲೆ ಕೈಯಿಟ್ಟು ನಿಂತಾಗ ನಮ್ಮ ಪಶ್ಚಿಮಘಟ್ಟದ ಕಾಡು ಎಷ್ಟು ದೂರ ಹರಿದಿದೆ ಎಂದು ಮನಸ್ಸು ತುಂಬಿಬಂತು. ಕಡಿದು ಹೋದ ಆ ಮಹಾವೃಕ್ಷಗಳ ಬಗ್ಗೆ ಸಂಕಟವೂ ಆಯಿತು. ಬಳಸಿದ ಮರವನ್ನು ಇನ್ನೂರು ವರ್ಷ ಕಾಪಾಡಿಕೊಂಡವರ ಬಗ್ಗೆ ಕೃತಜ್ಞತೆಯೂ ಹುಟ್ಟಿತು. ಒಂದು ಮರ ಬೆಳೆಯಲು ಹಿಡಿದ ಕಾಲದಷ್ಟಾದರೂ ಅದರಿಂದ ಮಾಡಿದ ವಸ್ತು ಬಾಳಬೇಕು ಎಂಬುದು ನ್ಯಾಯವಾದ ಮಾತು ಎಂದೇ ನನ್ನ ನಂಬಿಕೆ.

ದುರಸ್ತಿ ಮುಗಿದ ದೋಣಿಯನ್ನು ನೀರಿಗಿಳಿಸಿದ ಮೊದಲ ರಾತ್ರಿ ಅದು ಸೋರುತ್ತದೆ. ಸೋರಲೇಬೇಕು. ವರ್ಷಗಟ್ಟಲೆ ನೆಲದ ಮೇಲೆ ಒಣಗಿದ ಹಲಗೆ ನೆನೆಸಿಟ್ಟ ಕಡಲೆಯ ಹಾಗೆ ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಪಕ್ಕದ ಹಲಗೆಯನ್ನು ಒತ್ತುತ್ತದೆ, ಸಂದಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಪಂಪು ಹಿಡಿದು ಕಾಯಬೇಕು. ದೋಣಿ ತನ್ನನ್ನು ತಾನೇ ಬಿಗಿದುಕೊಳ್ಳುವ ಈ ಕೆಲಸದಲ್ಲಿ ಬಡಗಿಗೂ ಪಾಲಿಲ್ಲ, ಒಡೆಯನಿಗೂ ಪಾಲಿಲ್ಲ. ಮರದ ದೋಣಿಯ ಕೊನೆಯ ರಿಪೇರಿಯನ್ನು ನದಿಯೇ ಮಾಡುತ್ತದೆ.

ಇನ್ನು ಪಯಣದ ಮಾತು. ಕಿರಿದಾದ ನದಿಯಲ್ಲಿ ಹಾಯಿ ಓಡಿಸುವುದು ಕಡಲಿನ ವಿದ್ಯೆಯಲ್ಲ, ಅದರದೇ ಬೇರೆ ವಿದ್ಯೆ. ಗಾಳಿ ಎದುರಿನಿಂದ ಬಂದರೆ ಈ ದಂಡೆಯಿಂದ ಆ ದಂಡೆಗೆ ಓರೆಯಾಗಿ ಹಾಯುತ್ತ, ಜೊಂಡು ಮೂಗಿಗೆ ತಾಗುವ ಹೊತ್ತಿಗೆ ಚುಕ್ಕಾಣಿ ತಿರುಗಿಸುತ್ತ ಮುಂದೆ ಸಾಗಬೇಕು. ರಾಕ್ಸಮ್‌ನಿಂದ ಹಾರ್ನಿಂಗ್‌ವರೆಗೆ ಬ್ಯೂರ್ ನದಿಯ ಎರಡೂ ದಂಡೆಯಲ್ಲಿ ಮರಗಳು ದಟ್ಟವಾಗಿವೆ, ಗಾಳಿಯೇ ಇಳಿಯುವುದಿಲ್ಲ. ಆಗ ಉದ್ದನೆಯ ಜಲ್ಲೆಯೇ ಗತಿ. ಇಲ್ಲಿಯ ಜಲ್ಲೆಗೆ ಮೇಲ್ತುದಿಯಲ್ಲಿ ಹೆಗಲಿಗೆ ಒತ್ತಿಕೊಳ್ಳಲು ಮರದ ಗುಂಡು, ಕೆಳತುದಿಯಲ್ಲಿ ಕೆಸರಿನಲ್ಲಿ ಹೂತುಹೋಗದಂತೆ ಅಗಲದ ಪಾದ. ದೋಣಿಯ ಮೂತಿಯ ಬಳಿ ಊರಿ, ಹೆಗಲು ಕೊಟ್ಟು, ಪಕ್ಕದ ಅಂಚಿನ ಮೇಲೆ ಹಿಂದಕ್ಕೆ ನಡೆಯುತ್ತ ತಳ್ಳಬೇಕು. ನಮ್ಮೂರಿನ ಅಂಬಿಗರು ಇದನ್ನು ನೋಡಿದರೆ ಕೂಡಲೇ ಜಲ್ಲೆ ಕೈಗೆತ್ತಿಕೊಂಡಾರು.

ಆ ಮರಗಳಿಗೂ ಒಂದು ಕಥೆಯಿದೆ. ಈ ನದಿಗಳ ಮೇಲೆ ಸರಕು ಸಾಗಿಸುತ್ತಿದ್ದುದು ‘ವ್ಹೆರಿ’ ಎಂಬ ದೊಡ್ಡ ದೋಣಿ. ಒಂದೇ ಕೂವೆಮರ, ಒಂದೇ ದೊಡ್ಡ ಕಪ್ಪು ಹಾಯಿ. ಕಪ್ಪು ಬಣ್ಣ ಡಾಂಬರು ಮತ್ತು ಮೀನೆಣ್ಣೆಯ ಲೇಪದ್ದು. ಕೂವೆಮರದ ಬುಡಕ್ಕೆ ಟನ್ನಿಗೂ ಮಿಕ್ಕ ಸೀಸ ಕಟ್ಟಿರುವುದರಿಂದ ಸೇತುವೆ ಬಂದಾಗ ಒಬ್ಬನೇ ಅದನ್ನು ಮಲಗಿಸಿ ಮತ್ತೆ ಎಬ್ಬಿಸಬಲ್ಲ. ವ್ಹೆರಿಗಳು ಓಡುತ್ತಿದ್ದ ಕಾಲದಲ್ಲಿ ದಂಡೆಯಲ್ಲಿ ಮರ ಬೆಳೆಯಲು ಜನ ಬಿಡುತ್ತಿರಲಿಲ್ಲ. ಗಾಳಿ ತಡೆದರೆ ವ್ಯಾಪಾರವೇ ನಿಲ್ಲುತ್ತಿತ್ತು. ರೈಲು, ಲಾರಿ ಬಂದವು, ವ್ಹೆರಿಗಳು ನಿಂತವು, ದಂಡೆಗಳು ಕಾಡಾದವು. ಜೊಂಡಿನ ಬಯಲಿಗೂ ಇದೇ ಗತಿ. ಮನೆಯ ಮಾಡು ಹೊದಿಸಲು ಜೊಂಡು ಕೊಯ್ಯುತ್ತಿದ್ದಾಗ ಬಯಲು ಬಯಲಾಗಿ ಉಳಿಯುತ್ತಿತ್ತು. ಕೊಯ್ಲು ನಿಂತಲ್ಲಿ ಪೊದೆ ಬೆಳೆಯಿತು, ಪೊದೆ ಬೆಳೆದಲ್ಲಿ ಮಿಲ್ಕ್ ಪಾರ್ಸ್ಲಿ ಎಂಬ ಗಿಡ ಸತ್ತಿತು. ಬ್ರಿಟನ್ನಿನ ಸ್ವಾಲೋಟೇಲ್ ಚಿಟ್ಟೆಯ ಮರಿಹುಳುಗಳು ಬದುಕುವುದು ಆ ಗಿಡವನ್ನು ತಿಂದು. ಆ ಚಿಟ್ಟೆ ಬ್ರಿಟನ್ನಿನಲ್ಲಿ ನೆಲೆಸಿರುವುದು ಬ್ರಾಡ್ಸ್ ಪ್ರದೇಶದಲ್ಲಿ ಮಾತ್ರ. ಇಂದು ಜೊಂಡು ಕೊಯ್ಯುವವರನ್ನು ಮತ್ತೆ ಕರೆತರುತ್ತಿದ್ದಾರೆ, ಚಿಟ್ಟೆಗಾಗಿಯೂ, ಮಾಡಿಗಾಗಿಯೂ.

ಥರ್ನ್ ನದಿಯ ಪಾಟರ್ ಹೈಮ್ ಎಂಬಲ್ಲಿ ಮಧ್ಯಯುಗದ ಕಲ್ಲಿನ ಸೇತುವೆ ಇದೆ. ನೀರೇರಿದಾಗ ಅದರ ನಡುಗಮಾನಿನ ಕೆಳಗೆ ಉಳಿಯುವುದು ಸುಮಾರು ಎರಡು ಮೀಟರ್ ಎತ್ತರ. ದೊಡ್ಡ ಮೋಟಾರು ದೋಣಿಗಳು ಅಲ್ಲಿಂದ ಹಿಂದಿರುಗಬೇಕು. ನಾವು ಕೂವೆಮರ ಮಲಗಿಸಿ, ಜಲ್ಲೆ ಹಿಡಿದು, ತಲೆ ತಗ್ಗಿಸಿ ನುಸುಳುತ್ತೇವೆ. ಆಚೆಗೆ ಹೋದರೆ ಹಿಕ್ಲಿಂಗ್, ಹಾರ್ಸಿ ಕೆರೆಗಳ ವಿಶಾಲ ಮೌನ. ಸುಮಾರು ನಾನೂರು ವರ್ಷ ಈ ದೇಶದಲ್ಲಿ ಮರಿ ಮಾಡದಿದ್ದ ಕ್ರೇನ್ ಹಕ್ಕಿಗಳು 1979ರಲ್ಲಿ ಹಾರ್ಸಿಯ ಕಡೆ ಮರಳಿ ಬಂದವು. ಅಂದಿನಿಂದ ಅವುಗಳ ಸಂತಾನ ಬೆಳೆಯುತ್ತಿದೆ. ವಸಂತದಲ್ಲಿ ಜೊಂಡಿನೊಳಗೆ ಅಡಗಿ ಕೂತ ಬಿಟರ್ನ್ ಹಕ್ಕಿ ಹೂಂಕರಿಸುವುದು ಮೈಲಿಯಾಚೆಗೂ ಕೇಳುತ್ತದೆ. ಎಂಜಿನ್ ಇದ್ದ ದೋಣಿಯಲ್ಲಿ ಇವೊಂದೂ ಕಿವಿಗೆ ಬೀಳುವುದಿಲ್ಲ.

ರಾತ್ರಿ ತಂಗುವುದಕ್ಕೆ ಇಲ್ಲಿ ಲಂಗರು ಬೇಡ. ತಳವೆಲ್ಲ ಮೆತ್ತನೆಯ ಕೆಸರು. ಹಗ್ಗ ಕಟ್ಟಿದ ಕಬ್ಬಿಣದ ಗುಂಡೊಂದನ್ನು ಇಳಿಬಿಟ್ಟರೆ ಕೆಸರಿನಲ್ಲಿ ಕೂತು ದೋಣಿಯನ್ನು ಹಿಡಿದುಕೊಳ್ಳುತ್ತದೆ. ಕೋಣೆಯ ಮಾಡನ್ನು ಮೇಲಕ್ಕೆತ್ತಿ ನಿಲ್ಲಿಸಿ, ಕ್ಯಾನ್ವಾಸ್ ಎಳೆದುಕೊಂಡರೆ ಮನೆ ಸಿದ್ಧ. ಅನ್ನ, ಸಾರು, ಹಪ್ಪಳ ಒಂದೇ ಒಲೆಯ ಮೇಲೆ ಸರತಿಯಲ್ಲಿ ಆಗುತ್ತವೆ. ಬ್ಯೂರ್ ನದಿಯ ದಂಡೆಯಲ್ಲಿ ಸೇಂಟ್ ಬೆನೆಟ್ಸ್ ಎಂಬ ಹಾಳು ಮಠದ ಎದುರು ತಂಗುವುದು ನನಗೆ ಬಹಳ ಇಷ್ಟ. ಎಂಟನೆಯ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸಿದಾಗ ಕಾನೂನಿನ ಪ್ರಕಾರ ಮುಚ್ಚದೆ ಉಳಿದದ್ದು ಇದು. ಇಂದಿಗೂ ನಾರ್ವಿಚ್‌ನ ಬಿಷಪ್ಪರೇ ಅದರ ಮಠಾಧಿಪತಿ. ಪ್ರತಿ ವರ್ಷ ಆಗಸ್ಟ್ ತಿಂಗಳ ಮೊದಲ ಭಾನುವಾರ ಅವರು ವ್ಹೆರಿಯಲ್ಲಿ ನಿಂತು ಬಂದು, ಗೋಡೆಗಳಿಲ್ಲದ ಆ ಬಯಲಿನಲ್ಲಿ ಪ್ರಾರ್ಥನೆ ನಡೆಸುತ್ತಾರೆ. ಕಟ್ಟಡ ಹೋದರೂ ಆಚರಣೆ ಬಿಡದವರು ಈ ಜನ.

ವ್ಹೆರಿಗಳಲ್ಲಿ ಸರಕು ಸಾಗಿಸುತ್ತಿದ್ದವು ಇಂದು ಎರಡೇ ಉಳಿದು ಓಡುತ್ತಿವೆ. ‘ಆಲ್ಬಿಯನ್’ 1898ರದು, 58 ಅಡಿ ಉದ್ದ. ಕೂವೆಮರ ಕಿತ್ತು ಬರಿಯ ಸರಕುತೊಟ್ಟಿಯಾಗಿ ಬಳಸುತ್ತಿದ್ದಾಗ, 1949ರಲ್ಲಿ ನಾರ್ಫೋಕ್ ವ್ಹೆರಿ ಟ್ರಸ್ಟ್ ಹುಟ್ಟಿ ಅದನ್ನು ಮತ್ತೆ ಹಾಯಿಯೇರಿಸಿತು. ‘ಮಾಡ್’ 1899ರದು. ಅದನ್ನು 1960ರ ದಶಕದಲ್ಲಿ ರ‍್ಯಾನ್‌ವರ್ತ್ ಕೆರೆಯ ದಂಡೆ ಕುಸಿಯದಂತೆ ಅಲ್ಲೇ ಮುಳುಗಿಸಿಬಿಟ್ಟಿದ್ದರು. ವಿನ್ಸೆಂಟ್ ಮತ್ತು ಲಿಂಡಾ ಪಾರ್ಜಿಟರ್ ದಂಪತಿ ಅದನ್ನು ಕೆಸರಿನಿಂದ ಮೇಲೆತ್ತಿ, ವರ್ಷಾನುಗಟ್ಟಲೆ ದುಡಿದು, 1999ರಲ್ಲಿ ಅದರ ನೂರನೆಯ ವರ್ಷಕ್ಕೆ ಮತ್ತೆ ಹಾಯಿ ಬಿಚ್ಚಿಸಿದರು. ಲಡಮ್ ಊರಿನಲ್ಲಿ ಪರ್ಸಿ ಹಂಟರ್ ಮತ್ತು ಮಕ್ಕಳು 1930ರ ದಶಕದಲ್ಲಿ ಕಟ್ಟತೊಡಗಿದ ಎಂಜಿನ್ ಇಲ್ಲದ ಬಾಡಿಗೆ ಹಾಯಿದೋಣಿಗಳು ಇಂದಿಗೂ ಬಾಡಿಗೆಗೆ ಸಿಗುತ್ತವೆ. 1968ರಲ್ಲಿ ಆ ಕಾರ್ಖಾನೆಯನ್ನು ಕೌಂಟಿ ಕೌನ್ಸಿಲ್ ಕೊಂಡು ಶಾಲಾಮಕ್ಕಳಿಗೆ ಹಾಯಿ ಕಲಿಸಲು ಬಳಸಿತು. ಮಾರಾಟದ ಮಾತು ಬಂದಾಗ ಜನ ಸುಮ್ಮನಿರಲಿಲ್ಲ, 1996ರಲ್ಲಿ ಟ್ರಸ್ಟ್ ಕಟ್ಟಿ ಉಳಿಸಿಕೊಂಡರು. ಇವುಗಳಲ್ಲಿ ಯಾವುದನ್ನೂ ಗಾಜಿನ ಹಿಂದೆ ಇಟ್ಟಿಲ್ಲ. ಚಂದಾ ಕೊಟ್ಟ ಶಿಕ್ಷಕರು, ನರ್ಸುಗಳು, ನಿವೃತ್ತ ಗುಮಾಸ್ತರು ಚಳಿಗಾಲದಲ್ಲಿ ಬಂದು ಕೆರೆದು, ಉಜ್ಜಿ, ವಾರ್ನಿಶ್ ಹೊಡೆಯುತ್ತಾರೆ. ಬೇಸಗೆಯಲ್ಲಿ ಹಾಯಿ ಎಳೆಯುತ್ತಾರೆ. ಈ ದೋಣಿಗಳು ಉಳಿದದ್ದು ಓಡುತ್ತಿರುವುದರಿಂದ. ಓಡುವ ದೋಣಿಗೆ ಬಡಗಿ ಬೇಕಾಗುತ್ತಾನೆ, ಬಡಗಿ ಇದ್ದರೆ ಶಿಷ್ಯ ಸಿಗುತ್ತಾನೆ, ಹಾಯಿಗೆ ಗಾಳಿ ಬೇಕೆಂದು ದಂಡೆ ಚೊಕ್ಕವಾಗುತ್ತದೆ. ಒಂದನ್ನು ಹಿಡಿದು ಇನ್ನೊಂದು ಬದುಕುತ್ತದೆ.

ನಮ್ಮ ಕರಾವಳಿಯ ನದಿಗಳಿಗೂ ಇಂಥ ಕಾಲವಿತ್ತು. ಜೋಗ ನೋಡಲು ಹೊರಟವರು ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲೇ ಹೋಗುತ್ತಿದ್ದರು. ಈಗ ನಮ್ಮ ಮೀನುಗಾರರು ಫೈಬರ್ ದೋಣಿ ಬಳಸುತ್ತಾರೆ. ಅದು ಅವರ ಜೀವನೋಪಾಯದ ಮಾತು, ಅದರಲ್ಲಿ ತಪ್ಪು ಹುಡುಕುವ ಹಕ್ಕು ನನಗಿಲ್ಲ. ಆದರೆ ಹಲಗೆ ಬಾಗಿಸಬಲ್ಲ, ಸಂದಿ ತುಂಬಬಲ್ಲ ಕೈಗಳು ಇನ್ನೂ ಕೆಲವು ನಮ್ಮಲ್ಲಿವೆ. ನದಿಯ ದಂಡೆಯ ಶಾಲೆ, ಯುವಕ ಸಂಘ, ಪಂಚಾಯತಿಗಳಲ್ಲಿ ಇರುವವರನ್ನು ನಾನು ಕೇಳಿಕೊಳ್ಳುವುದು ಇಷ್ಟೇ: ನಿಮ್ಮೂರಿನ ತೆಂಗಿನ ತೋಟದ ಅಂಚಿನಲ್ಲಿ ಹಳೆಯ ಮರದ ದೋಣಿಯೊಂದು ಮಗುಚಿ ಬಿದ್ದಿದ್ದರೆ ಅದನ್ನು ಸೌದೆಗೆ ಕೊಡಬೇಡಿ. ಬಡಗಿಯೊಬ್ಬರನ್ನು ಕರೆದು ಆರೆಯಿಂದ ಚುಚ್ಚಿಸಿ ನೋಡಿ. ಅಡಿಮರ ಗಟ್ಟಿಯಿದ್ದರೆ ಉಳಿದದ್ದನ್ನು ಮತ್ತೆ ಕಟ್ಟಬಹುದು. ಕಟ್ಟುವಾಗ ಇಬ್ಬರು ಹುಡುಗರನ್ನೂ ಇಬ್ಬರು ಹುಡುಗಿಯರನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮುಗಿದ ಮೇಲೆ ಅದನ್ನು ಬಣ್ಣ ಬಳಿದು ವೃತ್ತದಲ್ಲಿ ನಿಲ್ಲಿಸದೆ ಹೊಳೆಗಿಳಿಸಿ, ಹಾಯಿ ಕಟ್ಟಿ, ಮಕ್ಕಳ ಕೈಗೆ ಚುಕ್ಕಾಣಿ ಕೊಡಿ.